ಕಂಪ್ಯೂಟರ್ ನಮ್ಮದು, ಪಾಸ್‌ವರ್ಡ್ ಯಾರದು?



ಪೋಸ್ಟ್ ಸ್ವಲ್ಪ ಉದ್ದ ಉಂಟು. ಕಂಪ್ಯೂಟರ್ ವಿಷಯ ಅಂತ ದಾಟಿ ಹೋಗಬೇಡಿ, ಇದು ನಮ್ಮ ಅರ್ಜಿಗಳ ವಿಷಯವೂ ಹೌದು.

ಪುತ್ತೂರು, ಸುಳ್ಯ, ಕಡಬದ ಕೆಲವು ಕಾಲೊನಿಗಳಲ್ಲಿ ನಮ್ಮ ಹುಡುಗರು ಹಣ ಒಟ್ಟು ಮಾಡಿ ಹಳೇ ಕಂಪ್ಯೂಟರ್ ಇಟ್ಟಿದ್ದಾರೆ. ಡಿ.ಸಿ. ಮನ್ನಾ ಭೂಮಿಯ ಅರ್ಜಿ, ಮಾಹಿತಿ ಹಕ್ಕು ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲ ಅದರಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ನಮ್ಮ ಹಳೇ ಕಂಪ್ಯೂಟರುಗಳು ವಿಂಡೋಸ್ 11 ಕೇಳುವ ಯೋಗ್ಯತೆಯವಲ್ಲ. ಹಾಗಾಗಿ ಡೆಬಿಯನ್ ಲಿನಕ್ಸ್ ಹಾಕುವುದು ಅಂತ ತೀರ್ಮಾನ ಆಯ್ತು. ಅಲ್ಲಿಯವರೆಗೆ ಜಗಳ ಇರಲಿಲ್ಲ.

ಜಗಳ ಶುರುವಾದದ್ದು ಆಮೇಲೆ. ಸಾಫ್ಟ್‌ವೇರ್ ಹಾಕ್ಲಿಕ್ಕೆ, ಅಪ್‌ಡೇಟ್ ಮಾಡ್ಲಿಕ್ಕೆ ನಮ್ಮ ಮಕ್ಕಳಿಗೆ ಯಾವ ಸಾಧನ ಕಲಿಸುವುದು? "ಚಿತ್ರ ಇರುವ ಸ್ಟೋರ್ ಸಾಕು, ಬಟನ್ ಒತ್ತಿದರೆ ಆಯ್ತಲ್ಲ" ಅಂತ ಕೆಲವರು. ಕಪ್ಪು ಪರದೆಯಲ್ಲಿ ಟೈಪ್ ಮಾಡುವ 'ಆಪ್ಟ್' ಕಲಿಸಬೇಕು ಅಂತ ನಾನು. ಯಾಕೆ ಅಂತ ಹೇಳ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ಕಂಪ್ಯೂಟರನ್ನು ಅಂಗಡಿಯಲ್ಲಿ ಕೊಟ್ಟು ಲಿನಕ್ಸ್ ಹಾಕಿಸಿದೆವು. ಮನೆಗೆ ತಂದು ನೋಡಿದರೆ ಕನ್ನಡ ಟೈಪ್ ಆಗುವುದಿಲ್ಲ. ಹಾಕುವಾ ಅಂದರೆ ಅದು ಪಾಸ್‌ವರ್ಡ್ ಕೇಳ್ತದೆ. ಫೋನ್ ಮಾಡಿದೆ. ಪಾಸ್‌ವರ್ಡ್ ಕೊಡಲಿಲ್ಲ. "ನೀವು ಮುಟ್ಟಿದರೆ ಹಾಳಾಗ್ತದೆ, ಇಲ್ಲಿಗೇ ತನ್ನಿ" ಅಂದರು. ಬಸ್ಸಿನಲ್ಲಿ ಸಿಪಿಯು ತೊಡೆ ಮೇಲೆ ಇಟ್ಟುಕೊಂಡು ಹೋದೆ. ಅವರು ಮಾಡಿದ್ದು ಐದು ನಿಮಿಷದ ಕೆಲಸ. ನಮ್ಮ ಅರ್ಜಿ ಒಂದು ವಾರ ತಡ.

ಮುಟ್ಟಿದರೆ ಹಾಳಾಗ್ತದೆ. ಈ ಮಾತು ನಮಗೆ ಹೊಸತಾ ಗೆಳೆಯರೇ? ಅವರು ಜಾತಿ ನೋಡಿ ಹೇಳಿದರು ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮದೇ ದುಡ್ಡಿನ ವಸ್ತುವಿನ ಬೀಗದ ಕೈ ಇನ್ನೊಬ್ಬರ ಹತ್ತಿರ ಇರುವುದನ್ನು ನಾವು ಯಾಕೆ ಒಪ್ಪಬೇಕು?

ಆ ಐದು ನಿಮಿಷದ ಕೆಲಸ ಎಂತದ್ದು ಅಂದರೆ, 'ಸುಡೋ ಆಪ್ಟ್ ಅಪ್‌ಡೇಟ್' ಅಂದರೆ ಪಟ್ಟಿ ಹೊಸತಾಗ್ತದೆ, ಅಷ್ಟೇ. 'ಆಪ್ಟ್ ಅಪ್‌ಗ್ರೇಡ್' ಅಂದರೆ ಹಾಕಿದ್ದೆಲ್ಲ ಮೇಲ್ದರ್ಜೆಗೆ ಹೋಗ್ತದೆ. 'ಆಪ್ಟ್ ಇನ್‌ಸ್ಟಾಲ್' ಅಂತ ಬರೆದು ಮುಂದೆ ಹೆಸರು ಕೊಟ್ಟರೆ ಬೇಕಾದ್ದು ಬರ್ತದೆ. ಕನ್ನಡ ಅಕ್ಷರಕ್ಕೆ ಗುಬ್ಬಿ, ನವಿಲು ಅಂತ ಎರಡು ಫಾಂಟ್ ಅದರಲ್ಲೇ ಉಂಟು. ಕೀಲಿಮಣೆಗೆ ಐಬಸ್. ಯಾವ್ಯಾವುದು ಬರ್ತದೆ, ಎಷ್ಟು ಎಂಬಿ ಇಳೀತದೆ ಅಂತ ಮೊದಲೇ ತೋರಿಸಿ, ಹಾಕಲಾ ಬೇಡವಾ ಅಂತ ನಮ್ಮನ್ನೇ ಕೇಳ್ತದೆ.

ಈ ಎಂಬಿ ಲೆಕ್ಕ ಸಣ್ಣದಲ್ಲ. ನಮ್ಮಲ್ಲಿ ಇಂಟರ್ನೆಟ್ ಅಂದರೆ ಯಾರದೋ ಮೊಬೈಲಿನ ಹಾಟ್‌ಸ್ಪಾಟ್. ಸ್ನ್ಯಾಪ್ ಅನ್ನುವ ವ್ಯವಸ್ಥೆ ದಿನಕ್ಕೆ ನಾಲ್ಕು ಸಲ ಹೊಸತು ಉಂಟಾ ಅಂತ ನೋಡಿ ತಾನೇ ಇಳಿಸಿಕೊಳ್ತದೆ. ನಿಲ್ಲಿಸಬಹುದು, ಆದರೆ ನಿಲ್ಲಿಸ್ಲಿಕ್ಕೂ ಕಮಾಂಡ್ ಗೊತ್ತಿರಬೇಕು. ಫ್ಲಾಟ್‌ಪ್ಯಾಕ್‌ನಲ್ಲಿ ಸಣ್ಣ ಆ್ಯಪ್ ಹಾಕಿದರೂ ಮೊದಲ ಸಲ ಅದರ ಅಡಿಪಾಯವೇ ನೂರಾರು ಎಂಬಿ. ಪೇಟೆಯಲ್ಲಿ ವೈಫೈ ಇದ್ದವರಿಗೆ ಇದು ದೊಡ್ಡದಲ್ಲ.

ನೆಟ್‌ವರ್ಕೇ ಇಲ್ಲದ ಗುಡ್ಡೆಯ ಕಾಲೊನಿಗೆ? ಅದಕ್ಕೂ ದಾರಿ ಉಂಟು. 'ಆಪ್ಟ್-ಆಫ್‌ಲೈನ್' ಅಂತ, ರಿತೇಶ್ ರಾಜ್ ಸರಾಫ್ ಬರೆದದ್ದು. ನಮ್ಮ ಕಂಪ್ಯೂಟರಿಗೆ ಏನೇನು ಬೇಕು ಅಂತ ಒಂದು ಫೈಲು ಮಾಡಿ ಕೊಡ್ತದೆ. ಅದನ್ನು ಪೆನ್‌ಡ್ರೈವಿನಲ್ಲಿ ಪುತ್ತೂರಿಗೆ ಒಯ್ದು ನೆಟ್ ಇದ್ದಲ್ಲಿ ಇಳಿಸುವುದು, ವಾಪಸು ತಂದು ಹಾಕುವುದು. ಸಿಪಿಯು ಹೊರುವ ಕೆಲಸ ಇಲ್ಲ.

"ಇಂಗ್ಲಿಷ್ ಕಮಾಂಡ್ ನಮ್ಮ ಮಕ್ಕಳಿಗೆ ಕಷ್ಟ" ಅನ್ನುವವರಿಗೆ ಒಂದು ಮಾತು. ಜಾಲ್ಸೂರು ದಾಟಿದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲೇ ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ ಕಲೀತಾರೆ. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಅಂಬೇಡ್ಕರ್ ಹೆಸರಲ್ಲೇ ಕಂಪ್ಯೂಟರ್ ಕೇಂದ್ರ ಕಟ್ಟಿ ಲಿನಕ್ಸ್ ಕಲಿಸಿದರು. ಆ ಮಕ್ಕಳಿಗೆ ಬಂದದ್ದು ನಮ್ಮ ಮಕ್ಕಳಿಗೆ ಬರುವುದಿಲ್ವಾ? ನಮ್ಮವರಿಗೆ ಕಷ್ಟ ಅಂತ ನಾವೇ ಹೇಳಿದರೆ ಬೇರೆಯವರು ಹೇಳುವುದು ಬೇಡ.

ಎದುರು ಪಕ್ಷದಲ್ಲೂ ಸತ್ಯ ಉಂಟು. ಡೆಬಿಯನ್‌ನ ಆಪ್ಟ್‌ನಲ್ಲಿ ಸಿಗುವುದು ಹೆಚ್ಚಾಗಿ ಸ್ವಲ್ಪ ಹಳೇ ಆವೃತ್ತಿ. ಓದದೆ 'ವೈ' ಒತ್ತಿದರೆ ಬೇಕಾದ್ದೇ ತೆಗೆದುಹೋದೀತು. ಕಪ್ಪು ಪರದೆ ಕಂಡರೆ ಹಿರಿಯರಿಗೆ ಹೆದರಿಕೆ, ಅವರಿಗೆ ಸಿನಾಪ್ಟಿಕ್ ಇರಲಿ. ಮೌಸಿನಲ್ಲೇ ನಡೀತದೆ, ಹಿಂದೆ ಇರುವ ಪ್ಯಾಕೇಜುಗಳು ಅವೇ. ಮಕ್ಕಳು ಮಾತ್ರ ಆಪ್ಟ್‌ನಿಂದಲೇ ಶುರು ಮಾಡಲಿ. ಬಟನ್ ಕೈಕೊಟ್ಟ ದಿನ ಏನಾಗಿದೆ ಅಂತ ಓದ್ಲಿಕ್ಕೆ ಬರಬೇಕಲ್ಲ.

ನನ್ನ ಪ್ರಸ್ತಾಪ ಇಷ್ಟೇ. ಪ್ರತಿ ಕಾಲೊನಿಯಲ್ಲಿ ಪಾಸ್‌ವರ್ಡ್ ಇಬ್ಬರ ಹತ್ತಿರ ಇರಬೇಕು, ಅದರಲ್ಲಿ ಒಬ್ಬಳು ಹುಡುಗಿ. ತಿಂಗಳಿಗೊಮ್ಮೆ ಅಪ್‌ಗ್ರೇಡ್, ಏನು ಹಾಕಿದೆವು ಅಂತ ಪುಸ್ತಕದಲ್ಲಿ ತಾರೀಕು ಸಮೇತ ಬರೆಯುವುದು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ಕ್ಕೆ ಒಟ್ಟು ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗ್ತದೆ. ಅಷ್ಟರಲ್ಲಿ ನಮ್ಮಲ್ಲೇ ಹತ್ತು ಜನ ಕಲಿತಿರಬೇಕು.

ಒಪ್ಪದವರು ಕಾಮೆಂಟಿನಲ್ಲಿ ಬನ್ನಿ, ಮಾತಾಡುವಾ. ಕಲಿಯುವವರು, ಕಲಿಸುವವರು ಇನ್‌ಬಾಕ್ಸಿಗೆ ಬನ್ನಿ. ಪೆನ್‌ಡ್ರೈವ್ ನಾನು ತರ್ತೇನೆ.

ಜೈ ಭೀಮ್.