ಗಾಯಗೊಳ್ಳದ ಸಾಕ್ಷಿಗಳು

ಪೇಟೆಗೆ ಹೋಗಿ ಬಂದ ಯಜಮಾನರು ಎಷ್ಟು ಬೆಲೆಯ ಪದಾರ್ಥ ಕೊಂಡರೆಂದು ತಿಳಿಯಲು ಗೃಹಿಣಿಯು ಗಂಟನ್ನು ಬಿಚ್ಚಬೇಕಾಗಿಲ್ಲ. ಕೊಟ್ಟು ಕಳುಹಿಸಿದ್ದೆಷ್ಟು, ಜೇಬಿನಲ್ಲಿ ಉಳಿದದ್ದೆಷ್ಟು ಎಂದು ಎಣಿಸಿದರಾಯಿತು. ಈ ಮನೆವಾರ್ತೆಯ ಲೆಕ್ಕವೇ ಭೌತವಿಜ್ಞಾನದ ಒಂದು ಸೂಕ್ಷ್ಮ ಪ್ರಯೋಗಕ್ಕೂ ಆಧಾರವೆಂದು ಅರಿತ ಮೇಲೆ, ಕನ್ನಡ ಪಾಠ ಹೇಳುವ ನನಗೂ ಆ ವಿಷಯವನ್ನು ಇಲ್ಲಿ ಪ್ರಸ್ತಾಪಿಸುವ ಧೈರ್ಯ ಬಂದಿತು.

ಜಿನೀವಾ ನಗರದ ಬಳಿ ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಯಂತ್ರವೊಂದುಂಟು. ಅದರೊಳಗೆ ಪ್ರೋಟಾನುಗಳು ಬೆಳಕಿನ ವೇಗಕ್ಕಿಂತ ಕೂದಲೆಳೆಯಷ್ಟೇ ಕಡಿಮೆಯಾದ ವೇಗದಿಂದ ಎದುರುಬದುರಾಗಿ ಓಡಿ ಢಿಕ್ಕಿ ಹೊಡೆಯುತ್ತವೆ. ಸಾಮಾನ್ಯವಾಗಿ ಎರಡೂ ನುಚ್ಚುನೂರಾಗುತ್ತವೆ. ಎಲ್ಲೋ ಅಪರೂಪಕ್ಕೆ, ಎರಡೂ ತಮ್ಮ ಶಕ್ತಿಯಲ್ಲಿ ಸ್ವಲ್ಪ ಪಾಲನ್ನು ತೆತ್ತು, ಮೈ ಮುಕ್ಕಾಗದೆ ಮುಂದೆ ಸಾಗುತ್ತವೆ. ತೆತ್ತ ಆ ಶಕ್ತಿಯಿಂದ ನಡುವೆ ಹೊಸ ಕಣವೊಂದು ಜನಿಸುತ್ತದೆ. ಬೇರೇನೂ ಇಲ್ಲ. ಇದನ್ನು 'ಅನನ್ಯ ಉತ್ಪತ್ತಿ' ಎನ್ನೋಣ. ಅನ್ಯವಾದುದು ಇಲ್ಲವಾದ್ದರಿಂದ ಹೆಸರು ಅನ್ವರ್ಥವೇ.

ಒಡೆಯದೆ ಉಳಿಯುವುದು ಹೇಗೆ? ಪ್ರೋಟಾನಿನೊಳಗಿನ ಕ್ವಾರ್ಕುಗಳನ್ನು ಬಂಧಿಸಿರುವುದು ಗ್ಲೂಆನು ಎಂಬ ಕಣಗಳು. ವಿಜ್ಞಾನಿಗಳು ವಿನೋದವಾಗಿ 'ಬಣ್ಣ'ವೆಂದು ಕರೆದ ಗುಣವೊಂದು ಅವಕ್ಕುಂಟು. ಒಂದು ಗ್ಲೂಆನನ್ನು ಕಳಚಿದರೆ ಬಣ್ಣದ ಸಮತೋಲ ಕೆಟ್ಟು ಪ್ರೋಟಾನು ಛಿದ್ರವಾಗಬೇಕು. ಖೋಜೆ, ಮಾರ್ಟಿನ್, ರಿಸ್ಕಿನ್ ಎಂಬ ಮೂವರ ಸಿದ್ಧಾಂತ, ಇಂಗ್ಲೆಂಡಿನ ಡರ್ಹಾಮ್ ಊರಿನ ಹೆಸರಿನಿಂದ ಪ್ರಸಿದ್ಧವಾದದ್ದು, ಹೇಳುವುದಿಷ್ಟು: ಜೊತೆಯಲ್ಲೇ ಇನ್ನೊಂದು ಗ್ಲೂಆನು ದಾಟಿ ಆ ಬಣ್ಣವನ್ನು ತೊಡೆದುಹಾಕುತ್ತದೆ. ಇಂಥ ನಿರ್ವರ್ಣ ವಿನಿಮಯಕ್ಕೆ ಸೋವಿಯೆತ್ ವಿಜ್ಞಾನಿ ಪೊಮೆರಾಂಚುಕರ ಹೆಸರಿನಿಂದ 'ಪೊಮೆರಾನ್' ಎನ್ನುತ್ತಾರೆ. ಲಿಂಗ, ವಚನ, ವಿಭಕ್ತಿಗಳ ಸೋಂಕಿಲ್ಲದ ಅವ್ಯಯವನ್ನು ಪಾಠ ಹೇಳುವಾಗ ಈಚೆಗೆ ನನಗೆ ಇದೇ ನೆನಪಾಗುತ್ತದೆ.

ಆದರೆ ಅಷ್ಟಕ್ಕೇ ನೆಮ್ಮದಿಯಿಲ್ಲ. ಅದೇ ಕ್ಷಣದಲ್ಲಿ ಪ್ರೋಟಾನುಗಳ ಉಳಿದ ಭಾಗಗಳು ಪರಸ್ಪರ ತಾಗಿದರೆ ಕೆಲಸ ಕೆಟ್ಟಿತು. ತಾಗದೆ ಪಾರಾಗುವ ಸಂಭವ ನೂರಕ್ಕೆ ಕೆಲವೇ ಎಂದು ಎಣಿಕೆ. ಈ ಒಂದು ಸಂಖ್ಯೆ ತಪ್ಪಿದರೆ ಸಿದ್ಧಾಂತದ ಲೆಕ್ಕವೆಲ್ಲ ತಪ್ಪಿದಂತೆ. ಅದನ್ನು ಒರೆಗೆ ಹಚ್ಚಿದವರಲ್ಲಿ ಶಿಕಾಗೋ ಬಳಿಯ ಟೆವಟ್ರಾನ್ ಯಂತ್ರದ ಸಿ.ಡಿ.ಎಫ್. ತಂಡದವರು ಮುಖ್ಯರು. ಅಲ್ಲಿ ಪ್ರೋಟಾನಿಗೆ ಎದುರಾಗುತ್ತಿದ್ದುದು ಪ್ರತಿಪ್ರೋಟಾನು. ಪತ್ತೆಯಂತ್ರದ ಮೂಲೆಮೂಲೆಯೂ ಮೌನವಾಗಿದ್ದು, ಬೆಳಕಿನ ಕಣಗಳೆರಡು ಮಾತ್ರ ಕಾಣಿಸಿಕೊಂಡ ಘಟನೆಗಳನ್ನು ಅವರು ಸೋಸಿ ತೆಗೆದರು. 2012ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 43. ಕೋಟ್ಯನುಕೋಟಿ ಸಂಘಟ್ಟಗಳಲ್ಲಿ ಬರಿಯ 43! ಆದರೂ ಅವು ಸಿದ್ಧಾಂತದ ಲೆಕ್ಕಕ್ಕೆ ಹೊಂದಿಕೊಂಡವು. ಮೌನವನ್ನು ಸಾಕ್ಷ್ಯವಾಗಿ ಒಪ್ಪಿಸಿದ ಅವರ ತಾಳ್ಮೆ ನನಗಂತೂ ದೊಡ್ಡದೆನಿಸುತ್ತದೆ.

ಪಾರಾದ ಪ್ರೋಟಾನುಗಳನ್ನೇ ಹಿಡಿದರೆ ಇನ್ನೂ ಮೇಲು. ಅದಕ್ಕೆಂದೇ ಜಿನೀವಾದ ಯಂತ್ರದಲ್ಲಿ, ಢಿಕ್ಕಿಯ ಸ್ಥಳದಿಂದ ಸುಮಾರು 220 ಮೀಟರ್ ದೂರದಲ್ಲಿ, 'ರೋಮನ್ ಮಡಕೆ'ಗಳೆಂಬ ಕೋಶಗಳನ್ನು ಪ್ರೋಟಾನಿನ ಧಾರೆಗೆ ಕೆಲವೇ ಮಿಲಿಮೀಟರ್ ಸಮೀಪಕ್ಕೆ ಸರಿಸಿ ನಿಲ್ಲಿಸಿದರು. 1970ರ ದಶಕದಲ್ಲಿ ರೋಮಿನವರು ಮೊದಲು ಬಳಸಿದ್ದರಿಂದ ಆ ಹೆಸರು. ಶಕ್ತಿ ತೆತ್ತ ಪ್ರೋಟಾನು ಅಯಸ್ಕಾಂತಗಳ ನಡುವೆ ಹೆಚ್ಚು ಬಾಗಿ ಧಾರೆಯಿಂದ ಹೊರಸರಿಯುತ್ತದೆ. ಸರಿದದ್ದನ್ನು ಅಳೆದರೆ ತೆತ್ತದ್ದು ತಿಳಿಯುತ್ತದೆ. ಎರಡು ಜೇಬುಗಳ ಲೆಕ್ಕವೂ ಸಿಕ್ಕಿತೆಂದರೆ, ಹುಟ್ಟಿದ ಕಣ ಕಣ್ಣಿಗೆ ಬೀಳದಿದ್ದರೂ ಅದರ ತೂಕ ಗೊತ್ತಾಗುತ್ತದೆ.

2012ರಲ್ಲಿ ಪತ್ತೆಯಾದ ಹಿಗ್ಸ್ ಕಣವನ್ನು ಹೀಗೆ ತೂಗಬೇಕೆಂಬುದು ಬಹುಕಾಲದ ಆಸೆ. ಆದರೆ ಒಂದೇ ಗಳಿಗೆಯಲ್ಲಿ ಹತ್ತಾರು ಢಿಕ್ಕಿಗಳು ನಡೆಯುವ ಆ ಸಂತೆಯಲ್ಲಿ, ಯಾವ ಪ್ರೋಟಾನು ಯಾವ ಕಣಕ್ಕೆ ಸಾಕ್ಷಿಯೆಂದು ಬಿಡಿಸುವುದೇ ತೊಡಕು. ಹಿಗ್ಸ್ ಅನನ್ಯವಾಗಿ ಜನಿಸಿದ್ದನ್ನು ಇದುವರೆಗೆ ಯಾರೂ ಕಂಡಿಲ್ಲ.