ಸತ್ತವರಿಗೆ ಸರ್ಕಾರಿ ಗೌರವ, ಬದುಕಿರುವ ಭಾಷೆಗೆ ಏನು?

ಕನ್ನಡದ ಯುವಕ ಯುವತಿಯರೇ,

ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆ ಓಡಾಡುವ ನಿಮಗೆ ಮಲ್ಲತ್ತಹಳ್ಳಿ ಹೊಸದಲ್ಲ. ಅಲ್ಲಿನ ಕಲಾಗ್ರಾಮಕ್ಕೆ ನಾಟಕ ನೋಡಲು ಹೋಗಿರುತ್ತೀರಿ. ಕನ್ನಡದ ಮೂವರು ದೊಡ್ಡವರ ಅಂತ್ಯಕ್ರಿಯೆ ನಡೆದದ್ದು ಅದೇ ನೆಲದಲ್ಲಿ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 2013ರ ಡಿಸೆಂಬರ್‌ನಲ್ಲಿ ಜಿ.ಎಸ್. ಶಿವರುದ್ರಪ್ಪ. 2014ರ ಆಗಸ್ಟ್‌ನಲ್ಲಿ ಯು.ಆರ್. ಅನಂತಮೂರ್ತಿ. 2021ರ ಜೂನ್‌ನಲ್ಲಿ ಸಿದ್ದಲಿಂಗಯ್ಯ. ಮೂವರಿಗೂ ಸರ್ಕಾರಿ ಗೌರವ ಸಂದಿತು. ಮಂತ್ರಿಗಳು ಬಂದರು, ಹೂವಿಟ್ಟರು, ಹೋದರು. ಆಮೇಲೆ?

ಈ ಮೂವರ ಬದುಕನ್ನು ಒಮ್ಮೆ ನೋಡಿ. ಶಿಕಾರಿಪುರದಲ್ಲಿ ಹುಟ್ಟಿದ ಶಿವರುದ್ರಪ್ಪ ಶಾಲಾ ಮೇಷ್ಟರ ಮಗ. ಗೋವಿಂದ ಪೈ, ಕುವೆಂಪು ಅವರ ನಂತರ ಮೂರನೆಯ ರಾಷ್ಟ್ರಕವಿ. ಕಲಾಗ್ರಾಮದ ಪಕ್ಕದಲ್ಲೇ ಇರುವ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದವರು.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿ ಪಾಠ ಹೇಳಿದ್ದು ಇಂಗ್ಲಿಷ್, ಬರೆದದ್ದು ಕನ್ನಡ! ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗಲೇ 'ಸಂಸ್ಕಾರ' ಬರೆದರು. 1994ರಲ್ಲಿ ಜ್ಞಾನಪೀಠ ಬಂತು. ಇಂಗ್ಲಿಷ್ ಬಂದರೆ ಕನ್ನಡ ಬಿಡಬೇಕು ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದ ಸಿದ್ದಲಿಂಗಯ್ಯ ಬೆಳೆದದ್ದು ನಿಮ್ಮ ಪಕ್ಕದ ಶ್ರೀರಾಮಪುರದಲ್ಲಿ. 1975ರ 'ಹೊಲೆಮಾದಿಗರ ಹಾಡು' ಕೇರಿಯ ಸಿಟ್ಟನ್ನು ಕೇರಿಯ ಮಾತಿನಲ್ಲೇ ಹೇಳಿತು. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರು, ಮುಂದೆ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರೂ ಆದರು. ಕನ್ನಡ ಯಾವುದೋ ಒಂದು ಜಾತಿಯ ಸೊತ್ತಲ್ಲ ಎಂದು ಬದುಕಿ ತೋರಿಸಿದವರು.

ಇಂಥವರ ನೆನಪಿಗೆ ಸ್ಮಾರಕ ಕಟ್ಟಿದರೆ ಭಾಷೆ ಉಳಿಯುತ್ತದೆಯೇ? ದಕ್ಷಿಣ ಅಮೆರಿಕದ ಪರಾಗ್ವೆಯನ್ನು ಕೇಳಿ. ನಮ್ಮ ಬೆಂಗಳೂರಿನಷ್ಟೂ ಜನರಿಲ್ಲದ ಪುಟ್ಟ ದೇಶ. 1864ರಿಂದ 1870ರವರೆಗೆ ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ಮೂರರ ಎದುರು ಯುದ್ಧ ಮಾಡಿ ನೆಲಕಚ್ಚಿತು. ಅಧ್ಯಕ್ಷ ಸೊಲಾನೊ ಲೋಪೆಸ್ 1870ರ ಮಾರ್ಚ್ 1ರಂದು ರಣರಂಗದಲ್ಲೇ ಸತ್ತ. ರಾಜಧಾನಿ ಅಸುನ್ಸಿಯೋನ್‌ನಲ್ಲಿ ವೀರರ ಮಂದಿರವಿದೆ. ಆದರೆ ಆ ನೆಲದ ನುಡಿ ಗ್ವಾರಾನಿಯನ್ನು ಯುದ್ಧದ ನಂತರ ಶಾಲೆಗಳಿಂದ ಹೊರಹಾಕಿದರು. ಅದನ್ನು ಉಳಿಸಿದ್ದು ಯಾವ ಮಂದಿರವೂ ಅಲ್ಲ. ಮನೆಯಲ್ಲಿ, ಸಂತೆಯಲ್ಲಿ, ಹೊಲದಲ್ಲಿ ನಾಚಿಕೆಯಿಲ್ಲದೆ ಆಡಿದ ಜನ! ಕೊನೆಗೆ 1992ರ ಸಂವಿಧಾನ ಸ್ಪ್ಯಾನಿಷ್ ಜೊತೆಗೆ ಗ್ವಾರಾನಿಯನ್ನೂ ಅಧಿಕೃತ ಭಾಷೆ ಮಾಡಲೇಬೇಕಾಯಿತು.

ನಮ್ಮಲ್ಲಿ? 1994ರಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಪಾಠ ಎಂದು ಆದೇಶ ಹೊರಡಿಸಿತು. 20 ವರ್ಷ ಕೋರ್ಟಿಗೆ ಅಲೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲಿ ಸೋತೆವು. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು ತೀರ್ಪು. ಅಂದರೆ ಆಯ್ಕೆ ಈಗ ನಮ್ಮ ಮನೆಯಲ್ಲಿದೆ. ವಿಧಾನಸೌಧದ ಕಡೆ ಕೈ ತೋರಿಸಿ ನಾವು ಸುಮ್ಮನೆ ಕೂರುವಂತಿಲ್ಲ!

ಹಾಗಾದರೆ ನೀವೇನು ಮಾಡಬೇಕು? ಒಂದು ಭಾನುವಾರ ಗೆಳೆಯರನ್ನು ಕಟ್ಟಿಕೊಂಡು ಕಲಾಗ್ರಾಮಕ್ಕೆ ಹೋಗಿ. ಹೋಗುವ ಮೊದಲು ಈ ಮೂವರದ್ದೂ ಒಂದೊಂದು ಪುಸ್ತಕ ಓದಿ. ಬ್ಯಾಂಕಿನಲ್ಲಿ ಚಲನ್ ಕನ್ನಡದಲ್ಲಿ ತುಂಬಿ. ಅಂಗಡಿಯಲ್ಲಿ ಮೊದಲ ಮಾತು ಕನ್ನಡದಲ್ಲಿರಲಿ. ಹೊರಗಿನಿಂದ ಬಂದ ಗೆಳೆಯನಿಗೆ ಬೈಯಬೇಡಿ, ದಿನಕ್ಕೆ ನಾಲ್ಕು ಮಾತು ಕಲಿಸಿ. ನಾಳೆ ನಿಮ್ಮ ಮಗುವನ್ನು ಶಾಲೆಗೆ ಸೇರಿಸುವಾಗ ಅಲ್ಲಿ ಕನ್ನಡ ಹೇಗೆ ಕಲಿಸುತ್ತೀರಿ ಎಂದು ಎದೆ ಸೆಟೆಸಿ ಕೇಳಿ.

ಸತ್ತವರಿಗೆ ಗೌರವ ಕೊಡಲು ಸರ್ಕಾರವಿದೆ. ಅವರ ಭಾಷೆಯನ್ನು ಬದುಕಿಸಲು ಇರುವವರು ನೀವು ಮಾತ್ರ. ಏಳಿ!

ಸಿರಿಗನ್ನಡಂ ಗೆಲ್ಗೆ!