ಹೊಳೆಗೂ ಬಲಬದಿ ಉಂಟು

ವಾಚನಾಲಯದ ಜಗಲಿಯಲ್ಲಿ ಮೊನ್ನೆ ಮಾತಿಗೆ ಮಾತು ಬಂದಾಗ ಊರಿನ ಹಿರಿಯರೊಬ್ಬರು ನನ್ನ ಮಾತನ್ನು ಅರ್ಧಕ್ಕೇ ತುಂಡು ಮಾಡಿದರು. "ನೀರಿನ ಮೇಲೆ ಎಂತ ಟ್ರಾಫಿಕ್ ರೂಲ್ಸು ಮಾಷ್ಟ್ರೇ? ನೀರಿಗೆ ಗೆರೆ ಎಳೀಲಿಕ್ಕೆ ಆಗ್ತದಾ?" ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ನಗುವಿಗೆ ನಾಚಿಕೆಯಾಯಿತು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಡಿಸೆಂಬರ್ ರಜೆಯಲ್ಲಿ ನನ್ನ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಎಂದಿನಂತೆ ಸಂಜೆ ಹೊಳೆಗೆ ಇಳಿದಿದ್ದ. ಸಣ್ಣ ದೋಣಿ. ಹಳೆಯ ಕಡವಿನಿಂದ ಸ್ವಲ್ಪ ಕೆಳಗೆ ಹೊಳೆ ತಿರುಗುವಲ್ಲಿ, ದಂಡೆಗೆ ಹತ್ತಿರ ಬಲೆ ಬಿಟ್ಟು ಕೂತಿದ್ದ. ಅಳಿವೆಯ ಕಡೆಯಿಂದ ಪ್ರವಾಸಿಗಳನ್ನು ಹೊತ್ತ ಮೋಟಾರು ಬೋಟೊಂದು ಬಂತು. ಹಾರನ್ ಇಲ್ಲ, ಹಾಡು ಮಾತ್ರ ಉಂಟು. ರಸ್ತೆಯ ತಿರುವಿನಲ್ಲಿ ಕಾರಿನವರು ಒಳಬದಿಗೆ ನುಗ್ಗಿ ದಾರಿ ಉಳಿಸುತ್ತಾರಲ್ಲ, ಹಾಗೆ ಅದು ತನ್ನ ಎಡದ ದಂಡೆಗೆ ಒತ್ತಿ ತಿರುಗಿತು. ಆ ಎಡದ ದಂಡೆಯಲ್ಲಿ ಅಣ್ಣ ಇದ್ದ. ಬೋಟು ದೋಣಿಗೆ ತಾಗಲಿಲ್ಲ. ಅದರ ತೆರೆ ತಾಗಿತು. ದೋಣಿಗೆ ನೀರು ನುಗ್ಗಿತು, ಅಣ್ಣ ಬಿದ್ದ, ದೋಣಿಯ ಅಂಚು ಮೊಣಕಾಲಿಗೆ ಬಡಿಯಿತು, ಬಲೆ ಬೋಟಿನ ಫ್ಯಾನಿಗೆ ಸುತ್ತಿ ಚಿಂದಿಯಾಯಿತು. ಈಜು ಗೊತ್ತಿದ್ದದ್ದರಿಂದ ಅಣ್ಣ ಇವತ್ತು ನಮ್ಮೊಟ್ಟಿಗೆ ಇದ್ದಾನೆ.

ಬೋಟು ನಿಂತಿತು ಅನ್ನುವುದನ್ನು ಹೇಳದಿದ್ದರೆ ಅನ್ಯಾಯವಾದೀತು. ಓಡಿಸುತ್ತಿದ್ದ ಹುಡುಗನೇ ಕೈಹಿಡಿದು ಅಣ್ಣನನ್ನು ಮೇಲೆ ಎತ್ತಿದ. ಆದರೆ ಎತ್ತುತ್ತಾ ಅವನು ಕೇಳಿದ್ದು ಇದು: "ಅಣ್ಣಾ, ಬೋಟು ಬರುವುದು ಕಂಡಾಗ ನೀವು ಬದಿಗೆ ಹೋಗಬಾರದಿತ್ತಾ?" ಮರುದಿನದಿಂದ ಊರಿಡೀ ಅಣ್ಣನನ್ನು ಕೇಳಿದ್ದೂ ಅದನ್ನೇ. ದೊಡ್ಡ ಬೋಟು ಬರ್ತದೆ, ಸಣ್ಣ ದೋಣಿ ಸರಿಯಬೇಕು. ಇದು ನಮ್ಮ ಹೊಳೆಯ ಈಗಿನ ಕಾನೂನು. ಯಾರೂ ಬರೆದದ್ದಲ್ಲ, ಆದರೆ ಎಲ್ಲರಿಗೂ ಬಾಯಿಪಾಠ.

ಬರೆದ ಕಾನೂನು ಇದಕ್ಕೆ ತೀರಾ ತಿರುಗಾಮುರುಗ. ಹಡಗುಗಳು ಡಿಕ್ಕಿಯಾಗದಂತೆ ತಡೆಯುವ ಅಂತಾರಾಷ್ಟ್ರೀಯ ನಿಯಮಗಳು 1972ರವು. ನಮ್ಮ ದೇಶದ ರಾಷ್ಟ್ರೀಯ ಜಲಮಾರ್ಗಗಳಿಗೆ ಡಿಕ್ಕಿ ತಡೆಯುವ ನಿಯಮ 2002ರಲ್ಲೇ ಬಂದಿದೆ. ಅಂತಾರಾಷ್ಟ್ರೀಯ ನಿಯಮದಲ್ಲಿ ಇರುವುದು ಏಳನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಸಂಗತಿ. ಇಕ್ಕಟ್ಟಾದ ದಾರಿಯಲ್ಲಿ ಪ್ರತಿ ಬೋಟೂ ತನ್ನ ಬಲದ ದಂಡೆಯನ್ನು ಹಿಡಿಯಬೇಕು. ಹೌದು, ಬಲದ ದಂಡೆ. ರಸ್ತೆಯಲ್ಲಿ ನಮಗೆ ಎಡ, ನೀರಿನಲ್ಲಿ ಲೋಕಕ್ಕೆಲ್ಲ ಬಲ. ರಸ್ತೆಯ ಎಡಬದಿಯನ್ನು ನಮಗೆ ಕಲಿಸಿಹೋದ ಇಂಗ್ಲೆಂಡಿನವರೂ ಅವರ ಕಾಲುವೆಗಳಲ್ಲಿ ಬಲಕ್ಕೇ ಹೋಗುತ್ತಾರೆ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ದಾಟುವಾಗ ಯಾರ ಬಲಬದಿಯಲ್ಲಿ ಇನ್ನೊಂದು ಬೋಟು ಕಾಣುತ್ತದೋ ಅವನು ದಾರಿ ಬಿಡಬೇಕು. ಹಿಂದಿನಿಂದ ಬಂದು ದಾಟುವವನು, ಅವನೆಷ್ಟು ದೊಡ್ಡವನಾಗಲಿ, ಮುಂದಿನವನಿಂದ ದೂರ ಸರಿದು ದಾಟಬೇಕು. ಆಚೆ ಬದಿ ಕಾಣದ ತಿರುವು ಬಂದರೆ ನಾಲ್ಕರಿಂದ ಆರು ಸೆಕೆಂಡು ಉದ್ದಕ್ಕೆ ಒಂದು ಹಾರನ್ ಹಾಕಬೇಕು. ಬಲಕ್ಕೆ ತಿರುಗುತ್ತೇನೆ ಅನ್ನಲಿಕ್ಕೆ ಒಂದು ಗಿಡ್ಡ ಹಾರನ್, ಎಡಕ್ಕೆ ಎರಡು, ಇಂಜಿನು ಹಿಂದಕ್ಕೆ ಹಾಕಿದ್ದೇನೆ ಅನ್ನಲಿಕ್ಕೆ ಮೂರು. ಎದುರಿನವ ಎಂತ ಮಾಡ್ತಾ ಇದ್ದಾನೆಂದು ತಿಳಿಯದಿದ್ದರೆ ಐದು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಇಂಜಿನಿನ ಬೋಟು ಬಲೆ ಬಿಟ್ಟವನಿಗೆ ದಾರಿ ಬಿಡಬೇಕು. ಕಾರಣ ಸರಳ. ಇಂಜಿನು ಇರುವವನಿಗೆ ತಿರುಗಲಿಕ್ಕೆ ಆಗ್ತದೆ, ನೀರಿನಲ್ಲಿ ಬಲೆ ಇರುವವನಿಗೆ ಆಗುವುದಿಲ್ಲ. ಯಾರಿಗೆ ಸಾಧ್ಯವೋ ಅವನು ಸರಿಯಬೇಕು ಅನ್ನುವುದು ನೀರಿನ ನ್ಯಾಯ. ಇಕ್ಕಟ್ಟಾದ ದಾರಿಯ ನಡುವೆ ಬಲೆ ಬಿಟ್ಟು ಹೋಗುವವರನ್ನು ತಡೆಯಬಾರದು ಅಂತಲೂ ಅದೇ ನಿಯಮದಲ್ಲಿ ಉಂಟು, ಅದನ್ನು ಅಡಗಿಸಿ ಇಡುವುದಿಲ್ಲ. ಆದರೆ ಅಣ್ಣ ನಡುವೆ ಇರಲಿಲ್ಲ. ದಂಡೆಯ ಕೇದಗೆಗೆ ಗಳ ತಾಗುವಷ್ಟು ಬದಿಯಲ್ಲಿದ್ದ. "ಬದಿಗೆ ಹೋಗಬಾರದಿತ್ತಾ" ಅಂದರೆ ಎಲ್ಲಿಗೆ ಹೋಗುವುದು, ಗದ್ದೆಗಾ?

"ದುರಂತಗಳೆಲ್ಲ ಆದದ್ದು ಜನ ಹೆಚ್ಚಾಗಿ, ಡಿಕ್ಕಿಯಿಂದ ಅಲ್ಲವಲ್ಲ?" ಎಂದು ಕೇಳುವವರಿದ್ದಾರೆ. ಒಪ್ಪುತ್ತೇನೆ. 2007ರ ಫೆಬ್ರವರಿಯಲ್ಲಿ ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ಬೋಟು ಮುಳುಗಿ 18 ಜನ ಹೋದರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ಪ್ರವಾಸಿ ಬೋಟು ಮಗುಚಿ 45 ಜನ. 2023ರ ಮೇ 7ರಂದು ತಾನೂರಿನಲ್ಲಿ, ಹೊತ್ತು ಮುಳುಗಿದ ಮೇಲೆ, ಹಿಡಿಯಬೇಕಾದ್ದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡು ಹೊರಟ ಬೋಟು ಮಗುಚಿ 22 ಜನ. ಯಾವುದೂ ಡಿಕ್ಕಿಯಲ್ಲ. ತಟ್ಟೇಕ್ಕಾಡಿನ ಸುದ್ದಿ ಬಂದಾಗ ನಾನು ಕೆಲಸದಲ್ಲಿದ್ದೆ. ಆ ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಲಿಕ್ಕೆ ನನಗೆ ಧೈರ್ಯ ಬರಲಿಲ್ಲ.

ಆದರೆ ಇಲ್ಲೇ ನಮ್ಮ ದೃಷ್ಟಿ ಕಟ್ಟಿಬಿದ್ದದ್ದು. ದೊಡ್ಡ ಸಾವಾದಾಗ ಆಯೋಗ ಕೂರುತ್ತದೆ, ತಲೆ ಎಣಿಸುತ್ತಾರೆ, ಲೈಫ್ ಜಾಕೆಟ್ ಎಣಿಸುತ್ತಾರೆ. ಒಂದು ತಿಂಗಳು ಎಲ್ಲ ಕಡವುಗಳಲ್ಲೂ ಕಿತ್ತಳೆ ಬಣ್ಣದ ಜಾಕೆಟ್ಟೇ ಜಾಕೆಟ್ಟು. ಜಾಕೆಟ್ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದು ಬೋಟಿನೊಳಗೆ ಕೂತವರ ರಕ್ಷಣೆ. ಬೋಟಿನ ಹೊರಗೆ ಇರುವವನಿಗೆ ಯಾವ ಜಾಕೆಟ್? ಮುಳುಗಿದ ಒಂದು ದೋಣಿಗೆ, ಹರಿದ ಒಂದು ಬಲೆಗೆ, ಮರುವಾಯಿ ಹೆಕ್ಕುತ್ತಾ ಎದೆಮಟ್ಟ ನೀರಿನಲ್ಲಿ ನಿಂತು ತೆರೆಗೆ ಸಿಕ್ಕಿ ನೀರು ಕುಡಿದ ಹೆಂಗಸಿಗೆ ಯಾವ ಆಯೋಗವೂ ಕೂರುವುದಿಲ್ಲ, ಪೇಪರಿನಲ್ಲೂ ಬರುವುದಿಲ್ಲ.

ಕಾನೂನು ಇಲ್ಲದ್ದರಿಂದ ಹೀಗೆ ಅನ್ನುವ ಹಾಗೂ ಇಲ್ಲ. ಒಳನಾಡಿನ ಹಡಗುಗಳ ಬಗ್ಗೆ 1917ರ ಕಾಯ್ದೆ ಇತ್ತು. ಅದನ್ನು ತೆಗೆದು 2021ರಲ್ಲಿ ಹೊಸ ಕಾಯ್ದೆ ತಂದರು. ಅದರಲ್ಲಿ ನೋಂದಣಿ, ತಪಾಸಣೆ, ವಿಮೆ, ಓಡಿಸುವವರ ಅರ್ಹತೆ ಎಲ್ಲ ಉಂಟು, ಸಂಚಾರದ ಸುರಕ್ಷೆಗೆ ಮತ್ತು ಸಂಕೇತಗಳಿಗೆ ಬೇರೆಯೇ ಅಧ್ಯಾಯ ಉಂಟು. ಇಂಜಿನಿಲ್ಲದ ದೋಣಿಗಳ ವಿಷಯದಲ್ಲಿ ಸ್ಥಳೀಯ ಆಡಳಿತಕ್ಕೂ ಜವಾಬ್ದಾರಿ ಕೊಟ್ಟಿದ್ದಾರೆ. ಬೋಟು ಓಡಿಸುವವನಿಗೆ, ನಮ್ಮ ಕಡೆ ಸ್ರಾಂಕ್ ಅನ್ನುತ್ತಾರಲ್ಲ, ಅವನಿಗೆ ಸರ್ಟಿಫಿಕೇಟು ಬೇಕು. ನಮ್ಮ ಹೊಳೆಗೆ ಬಂದ ಬೋಟಿನಲ್ಲಿ ಸರ್ಟಿಫಿಕೇಟು ಇತ್ತು. ಅದು ಇನ್ನೊಬ್ಬರ ಹೆಸರಿನಲ್ಲಿತ್ತು. ಅವರು ಆ ದಿನ ಮದುವೆಗೆ ಹೋಗಿದ್ದರಂತೆ.

ಚುಕ್ಕಾಣಿ ಹಿಡಿದಿದ್ದ ಆ ಹುಡುಗ ನನ್ನ ಕೈಯಲ್ಲಿ ಕಲಿತವನು. ಲೆಕ್ಕದಲ್ಲಿ ಚುರುಕು. ಮರುವಾರ ಮನೆಗೆ ಬಂದು, ಬಲೆಯ ದುಡ್ಡಿನ ಮಾತಾಡಿ ಚಾ ಕುಡಿದು ಹೋದ. ತಿರುವಿನಲ್ಲಿ ಯಾವ ಬದಿ ಹಿಡಿಯಬೇಕು ಅಂತ ನಿನಗೆ ಯಾರಾದರೂ ಹೇಳಿದ್ದಾರಾ ಎಂದು ಕೇಳಿದೆ. "ಇಲ್ಲ ಮಾಷ್ಟ್ರೇ. ಡೀಸೆಲ್ ಉಳಿಸು, ಟ್ರಿಪ್ಪು ಹೆಚ್ಚು ಮಾಡು ಅಂತ ಹೇಳಿದ್ದಾರೆ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೈಕಿಗೆ ಲೈಸೆನ್ಸ್ ತೆಗೆಯಲಿಕ್ಕೆ ಎಂಟು ಬರೆಸುತ್ತಾರೆ. ಇಪ್ಪತ್ತು ಜೀವಗಳನ್ನು ಹೊತ್ತ ಬೋಟಿನ ಚುಕ್ಕಾಣಿಯನ್ನು ಪಿಯುಸಿ ಮುಗಿಸಿದ ಹುಡುಗನ ಕೈಗೆ ಕೊಟ್ಟು, ಹಾಡು ಹಾಕು ಅಂತ ಹೇಳಿ ಮದುವೆಗೆ ಹೋಗಬಹುದು.

ಇನ್ನು ತೆರೆಯ ವಿಷಯ. ಇದಕ್ಕೆ ನಾನು ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಯಾರೂ ಇದನ್ನು ತಪ್ಪು ಅಂತಲೇ ಎಣಿಸುವುದಿಲ್ಲ. ಬೋಟು ಜೋರು ಹೋದಷ್ಟೂ ಅದರ ತೆರೆ ಎದ್ದು ಬರುತ್ತದೆ. ನಮ್ಮ ಹೊಳೆಯಂಥ ಅಗಲ ಕಡಿಮೆ ಇರುವ ನೀರಿನಲ್ಲಿ ಆ ತೆರೆ ದಂಡೆಗೆ ಬಡಿಯುತ್ತದೆ, ಕಲ್ಲಿನ ಕಟ್ಟೆ ಇದ್ದರೆ ತಿರುಗಿಯೂ ಬರುತ್ತದೆ. ಬೋಟು ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೂ ದೋಣಿ ಅಲ್ಲಾಡುತ್ತಾ ಇರುತ್ತದೆ. ದಂಡೆಯ ಮಣ್ಣು ದಿನಕ್ಕೆ ಒಂದು ಹಿಡಿಯಂತೆ ಹೋಗುತ್ತದೆ. ತೆಂಗಿನ ಬೇರು ಹೊರಗೆ ಕಾಣುವುದು ಮಳೆಗಾಲದ ನೆರೆಯಿಂದ ಮಾತ್ರ ಅಲ್ಲ, ಭಾನುವಾರದ ಟ್ರಿಪ್ಪಿನಿಂದಲೂ. ಇಂಗ್ಲೆಂಡಿನ ಕಾಲುವೆಗಳಲ್ಲಿ ಮೋಜಿನ ಬೋಟಿಗೆ ಗಂಟೆಗೆ ನಾಲ್ಕು ಮೈಲು ಮಿತಿ, ಅಂದರೆ ಸುಮಾರು ಆರೂವರೆ ಕಿಲೋಮೀಟರ್. ಬೇಗ ನಡೆಯುವವನ ವೇಗ. ಮೋಜಿಗೆ ಹೋಗುವವನಿಗೆ ಅವಸರ ಎಂತದ್ದು? ನೀರು, ಹಕ್ಕಿ, ತೆಂಗಿನ ತೋಟ ನೋಡಲಿಕ್ಕೆ ಅಂತ ದುಡ್ಡು ಕೊಟ್ಟು ಬಂದವನು ಅದರ ಮೇಲೆ ಓಡಿಯೇ ಹೋಗಬೇಕಾ?

ನಾನು ಪ್ರವಾಸೋದ್ಯಮದ ವೈರಿ ಅಲ್ಲ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯವು ಎಂದು ನಾವು ಜಂಭ ಹೇಳುವುದುಂಟು. ಜಿಲ್ಲೆಯ ತೆಂಕುತುದಿಯಲ್ಲಿ ವಲಿಯಪರಂಬದ ಹಿನ್ನೀರಿನಲ್ಲಿ, ನೀಲೇಶ್ವರದ ಕೋಟ್ಟಪ್ಪುರದಲ್ಲಿ ಹೌಸ್‌ಬೋಟುಗಳಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತದೆ. ನಾನೂ ಮೊಮ್ಮಕ್ಕಳ ಜೊತೆ ಹೋಗಿ, ಕೂರಬಾರದು ಅಂದ ಕಡೆಯೇ ಕೂತು ಫೋಟೋ ತೆಗೆಸಿಕೊಂಡವ. ಇನ್ನು ಕೋವಳದಿಂದ ಬೇಕಲದವರೆಗೆ ಆರುನೂರು ಕಿಲೋಮೀಟರಿಗೂ ಉದ್ದದ ಜಲಮಾರ್ಗದ ಯೋಜನೆಯೂ ಉಂಟು. ಬೋಟುಗಳು ಹೆಚ್ಚಾಗುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. "ರೂಲ್ಸು ತಂದರೆ ಹುಡುಗರ ಹೊಟ್ಟೆಗೆ ಹೊಡೆತ" ಎಂದು ಜಗಲಿಯಲ್ಲಿ ಹೇಳಿದವರಿಗೆ ನನ್ನದೊಂದು ಪ್ರಶ್ನೆ: ಅಣ್ಣನ ಹೊಟ್ಟೆ ಹೊಟ್ಟೆಯಲ್ಲವಾ? ತಾನೂರಿನ ನಂತರ ಬೋಟಿನವರು ಎಷ್ಟು ದಿನ ಖಾಲಿ ಕೂತರು ಅಂತ ಅವರನ್ನೇ ಕೇಳಿ ನೋಡಿ.

ನಮ್ಮವರ ತಪ್ಪೂ ಹೇಳಬೇಕು. ಕತ್ತಲೆಯಾದ ಮೇಲೂ ಬೆಳಕಿಲ್ಲದೆ ದೋಣಿ ಬಿಡುತ್ತೇವೆ. ಹುಟ್ಟು ಹಾಕುವ ದೋಣಿಗೆ ನಿಯಮ ಕೇಳುವುದು ದೊಡ್ಡ ದೀಪವನ್ನಲ್ಲ. ಒಂದು ಟಾರ್ಚು ಅಥವಾ ಲಾಟೀನು ಕೈಯಲ್ಲಿದ್ದು, ಬೋಟು ಹತ್ತಿರ ಬರುವ ಮೊದಲೇ ತೋರಿಸಿದರೆ ಸಾಕು. ಇಂಜಿನಿನ ಬೋಟಿಗೆ ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಹಿಂದೆ ಬಿಳಿ ದೀಪ ಇರಬೇಕು. ಕತ್ತಲೆಯಲ್ಲಿ ಕೆಂಪು ಕಂಡರೆ ಅವನ ಎಡ ನಮ್ಮ ಕಡೆಗೆ, ಹಸಿರು ಕಂಡರೆ ಬಲ. ಎರಡೂ ಒಟ್ಟಿಗೆ ಕಂಡರೆ ಅವನು ನೇರ ನಮ್ಮ ಮೇಲೇ ಬರುತ್ತಿದ್ದಾನೆ ಅಂತ ಲೆಕ್ಕ. ನಮ್ಮ ಹೊಳೆಯ ಬೋಟಿನಲ್ಲಿ ಈ ಮೂರೂ ಇಲ್ಲ, ಬಣ್ಣ ಬಣ್ಣದ ಮಾಲೆ ದೀಪ ಮಾತ್ರ ಉಂಟು, ದೇವಸ್ಥಾನದ ಜಾತ್ರೆಯ ಹಾಗೆ. ಅದು ಬರುತ್ತದೋ ಹೋಗುತ್ತದೋ ದೇವರಿಗೇ ಗೊತ್ತು.

ಇನ್ನೊಂದು ನಮ್ಮ ಹಳೆಯ ರಾಗ, ಆದರೆ ಹಾಡದೆ ನಿರ್ವಾಹವಿಲ್ಲ. ಕಡವಿನಲ್ಲಿ ನೆಟ್ಟ ಎಚ್ಚರಿಕೆಯ ಬೋರ್ಡು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಉಂಟು. ಅಣ್ಣ ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಮಾತಾಡುತ್ತಾನೆ. ಓದುವುದು ಮಾತ್ರ ಕನ್ನಡ. ಭಾನುವಾರ ಬರುವ ಪ್ರವಾಸಿಗಳಲ್ಲಿ ಅರ್ಧ ಜನ ಮಂಗಳೂರು, ಪುತ್ತೂರು, ಸುಳ್ಯದ ಕಡೆಯವರು. ಕನ್ನಡ ಇಲ್ಲಿ ಭಾಷಾ ಅಲ್ಪಸಂಖ್ಯಾತರ ಭಾಷೆ ಅನ್ನುವುದು ಸರಕಾರವೇ ಒಪ್ಪಿದ ಮಾತು. ರೇಷನ್ ಕಾರ್ಡಿನ ಅರ್ಜಿಗೆ ಕನ್ನಡ ಬೇಕೆಂದು ನಾವು ಎಷ್ಟು ಕೂಗಿದ್ದೇವೆ! ಜೀವ ಉಳಿಸುವ ನಾಲ್ಕು ಸಾಲಿಗೆ ಯಾರೂ ಕೂಗಲಿಲ್ಲ, ನಾನೂ ಕೂಗಲಿಲ್ಲ.

ಆದ್ದರಿಂದ ಬರುವ ಗ್ರಾಮಸಭೆಗೆ ಒಂದು ಅರ್ಜಿ ಬರೆದಿದ್ದೇನೆ. ಹಳೆಯ ಕಡವಿನಿಂದ ಅಳಿವೆಯವರೆಗೆ ಬೋಟಿನ ದಾರಿಗೆ ಎರಡೂ ಬದಿ ಗಳ ನೆಟ್ಟು ಬಣ್ಣ ಹೊಡೆಯಬೇಕು. ನೀರಿಗೆ ಗೆರೆ ಎಳೆಯಲಿಕ್ಕೆ ಆಗುವುದಿಲ್ಲ ಅಂದವರಿಗೆ ಇದೇ ಗೆರೆ. ಮನೆಗಳಿರುವ ದಂಡೆಯ ಉದ್ದಕ್ಕೂ ನಡಿಗೆಯ ವೇಗ ಮೀರಬಾರದು. ಸರ್ಟಿಫಿಕೇಟಿನಲ್ಲಿ ಯಾರ ಹೆಸರು ಉಂಟೋ ಅವರೇ ಚುಕ್ಕಾಣಿಯಲ್ಲಿ ಇರಬೇಕು. ಬೋರ್ಡಿನಲ್ಲಿ ಕನ್ನಡವೂ ಬೇಕು, ಅದರ ಒಕ್ಕಣೆಯನ್ನು ನಾನೇ ಬರೆದು ಕೊಡುತ್ತೇನೆ, ಸಂಬಳ ಬೇಡ. ತೀರ್ಮಾನ ಪಂಚಾಯತಿನ ಕೈಯಲ್ಲಿ ಇಲ್ಲ, ಮೇಲಿನ ಇಲಾಖೆಗೆ ಹೋಗಬೇಕು ಎಂದು ಮೆಂಬರರು ಈಗಾಗಲೇ ಹೇಳಿದ್ದಾರೆ. ಹೋಗಲಿ. ಪಂಚಾಯತಿನ ಠರಾವಿನ ಜೊತೆಗೇ ಹೋಗಲಿ.

ಆ ಹುಡುಗ ಅರ್ಜಿಗೆ ಎರಡನೇ ಸಹಿ ಹಾಕಿದ್ದಾನೆ. ಮೊದಲನೆಯದು ಅಣ್ಣನದು. ಅರ್ಜಿ ವಾಚನಾಲಯದ ಮೇಜಿನ ಎಡಬದಿಯ ಡ್ರಾಯರಿನಲ್ಲಿ ಉಂಟು, ಸಂಜೆ ಐದರ ನಂತರ ಬಂದರೆ ಬೀಗ ತೆರೆದಿರುತ್ತದೆ.